ಬಾಣಂತಿ ಕೋಣೆಯ ಬಾಗಿಲಲ್ಲಿ

ಅರೇಹಳ್ಳಿ ಕಡೆಯ ಹಳ್ಳಿಗಳಲ್ಲಿ ಬಾಣಂತಿ ಇರುವ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಮೂಗೇ ಕರೆದುಕೊಂಡು ಹೋಗುತ್ತಿತ್ತು. ಸಾಂಬ್ರಾಣಿ, ಬೆಳ್ಳುಳ್ಳಿ, ಓಮ, ಹರಳೆಣ್ಣೆ, ಅರ್ಧ ಒಣಗಿದ ಬಟ್ಟೆ ಎಲ್ಲ ಸೇರಿದ ಆ ವಾಸನೆಯನ್ನು ನಾನು ಈಗಲೂ ಕಣ್ಣು ಮುಚ್ಚಿಕೊಂಡು ಗುರುತಿಸಬಲ್ಲೆ. ನಿವೃತ್ತಳಾದ ಮೇಲೆ ನನಗೆ ಕೆಲಸದಲ್ಲಿ ಏನು ನೆನಪಾಗುತ್ತದೆ ಎಂದು ಯಾರಾದರೂ ಕೇಳಿದರೆ ಮೊದಲು ಬರುವುದು ಅದೇ.

ಈಚೆಗೆ ಇಲಾಖೆಗೆ ಸೇರಿದ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. "ಮೇಡಂ, ನಿಮ್ಮ ಕಾಲದಲ್ಲಿ ಹೇಗಿತ್ತು ಹೇಳಿ" ಎನ್ನುತ್ತಾರೆ. ನಮ್ಮ ಕಾಲದಲ್ಲಿ ಗಾಜಿನ ಸಿರಿಂಜು ಇತ್ತು, ಅದನ್ನು ಸೀಮೆಎಣ್ಣೆ ಸ್ಟೌವಿನ ಮೇಲೆ ಕುದಿಸಬೇಕಿತ್ತು, ಸ್ಟೌವಿಗೆ ಪಂಪು ಹೊಡೆದು ಹೊಡೆದು ನನ್ನ ಬಲಗೈ ಎಡಗೈಗಿಂತ ದಪ್ಪವಾಗಿತ್ತು ಎಂದರೆ ನಗುತ್ತಾರೆ. ಲಸಿಕೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ ಪಕ್ಕದವರು "ಐಸ್‌ಕ್ಯಾಂಡಿ ಎಷ್ಟಕ್ಕಮ್ಮ?" ಎಂದು ಕೇಳುತ್ತಿದ್ದರು ಎಂದರೆ ಇನ್ನೂ ಜೋರಾಗಿ ನಗುತ್ತಾರೆ. ನಗಲಿ. ಆದರೆ ಅವರಿಗೆ ನಾನು ನಿಜವಾಗಿ ಹೇಳಬೇಕೆಂದಿರುವುದು ಒಂದು ಬಾಗಿಲಿನ ಕಥೆ.

ನನ್ನೂರು ಅರಸೀಕೆರೆ. ಬಿಸಿಲಿನ ಊರು. ಅಲ್ಲಿಂದ ನನ್ನನ್ನು ಎತ್ತಿ ಅರೇಹಳ್ಳಿ ಕಡೆಯ ಒಂದು ಉಪಕೇಂದ್ರಕ್ಕೆ ಹಾಕಿದಾಗ ಮೊದಲ ಚಳಿಗಾಲದಲ್ಲಿ ನಾನು ಎರಡು ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದೆ. ಬಸುರಿಯರನ್ನು ನೋಡುವುದು, ಬಾಣಂತಿಯರನ್ನು ವಿಚಾರಿಸುವುದು, ಮಕ್ಕಳಿಗೆ ಚುಚ್ಚುವುದು, ಗಂಡಸರ ಕಣ್ಣಿಗೆ ಬಿದ್ದಾಗ ಕುಟುಂಬ ಯೋಜನೆಯ ಮಾತೆತ್ತಿ ಅವರನ್ನು ಓಡಿಸುವುದು ನನ್ನ ಕೆಲಸ. ಜನ ನನ್ನನ್ನು ನರ್ಸಮ್ಮ ಎನ್ನುತ್ತಿದ್ದರು. ಸರೋಜ ಎಂಬ ನನ್ನ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು.

ಆ ಸುತ್ತಿನ ಹಳ್ಳಿಗಳಲ್ಲಿ ಬಾಣಂತನವೆಂದರೆ ಸಣ್ಣಮ್ಮಜ್ಜಿ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ಮನೆಯಲ್ಲೇ ಆಗಲಿ, ತಾಯಿ ಮಗು ಮನೆಗೆ ಬಂದ ಮೇಲೆ ಅಧಿಕಾರ ಅಜ್ಜಿಯ ಕೈಗೆ ಹೋಗುತ್ತಿತ್ತು. ಎಣ್ಣೆ ಹಚ್ಚುವುದು, ನೀರು ಹಾಕುವುದು, ಹೊಟ್ಟೆಗೆ ಬಟ್ಟೆ ಬಿಗಿಯುವುದು, ಏನು ತಿನ್ನಬೇಕು, ಏನು ತಿನ್ನಬಾರದು ಎಲ್ಲಕ್ಕೂ ಅವಳದೇ ಅಪ್ಪಣೆ. ಹೆಸರು ಮಾತ್ರ ಸಣ್ಣಮ್ಮ, ಆಳು ಬಾಗಿಲು ತುಂಬುವಷ್ಟು. ಕಿಟಕಿಯ ಸಂದಿಗೆ ಗೋಣಿಚೀಲ ತುರುಕಿ, ಬಾಣಂತಿಯ ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ, ಮಂಚದ ಹತ್ತಿರ ಅಗ್ಗಿಷ್ಟಿಕೆಯ ತುಂಬ ಕೆಂಡ ಇಟ್ಟಳೆಂದರೆ ಅವಳಿಗೆ ಸಮಾಧಾನ. ಇದ್ದಿಲನ್ನು ಅಂಗಳದಲ್ಲಿ ಹೊತ್ತಿಸಿ, ಹೊಗೆ ಪೂರ್ತಿ ಅಡಗಿ, ಕೆಂಡ ನಿಗಿನಿಗಿ ಆದ ಮೇಲೆಯೇ ಒಳಗೆ ತರುತ್ತಿದ್ದಳು. "ಹೊಗೆ ಇದ್ರೆ ಮಗೀಗೆ ಆಗಾಕಿಲ್ಲ" ಎನ್ನುವಷ್ಟು ಎಚ್ಚರ ಅವಳಿಗಿತ್ತು. ಅದನ್ನು ನೋಡಿ ನಾನೂ ಮೆಚ್ಚಿಕೊಂಡಿದ್ದೆ.

ಮೆಚ್ಚಿಕೊಂಡಿದ್ದೆ ಎಂದೆನಲ್ಲ, ಅದೂ ದೂರದಿಂದಲೇ. ನನ್ನನ್ನು ಅಜ್ಜಿ ಕೋಣೆಯೊಳಗೆ ಬಿಡುತ್ತಿರಲಿಲ್ಲ.

"ಅಲ್ಲೇ ನಿಂತ್ಕ ನರ್ಸಮ್ಮ. ಹತ್ತು ಮನೆ ತುಳ್ಕಂಡ್ ಬಂದಿರೋ ಕಾಲು. ಹಸೀ ಮೈ ಇರೋ ಕ್ವಾಣೆ ಇದು."

ಹತ್ತು ಮನೆ ತುಳಿದ ಕಾಲು ಎಂಬ ಮಾತಿನಲ್ಲಿ ಸತ್ಯವಿತ್ತು, ನಮ್ಮ ಪುಸ್ತಕದಲ್ಲೂ ಅದನ್ನೇ ಬೇರೆ ಮಾತಿನಲ್ಲಿ ಬರೆದಿದ್ದರು. ಆದರೆ ಹತ್ತಲ್ಲ, ಹದಿನೈದು ಮನೆ ತುಳಿದು ಬಂದ ಪೋಸ್ಟ್‌ಮಾಸ್ಟರ್ ಹೆಂಡತಿ ನನ್ನ ಪಕ್ಕದಲ್ಲೇ ನುಸುಳಿ ಒಳಗೆ ಹೋಗಿ ಮಗುವಿನ ಕೆನ್ನೆ ಹಿಂಡುತ್ತಿದ್ದಳು. ನಮ್ಮಪ್ಪ ಮನೆಯ ಗೋಡೆಗೆ ಬುದ್ಧನ ಪಟ ಹಾಕಿಕೊಂಡವರು ಎಂಬುದು ನನಗಿಂತ ಮೊದಲೇ ಆ ಊರಿಗೆ ತಲುಪಿತ್ತು. ಕಾರಣ ಅವರಿಗೂ ಗೊತ್ತು, ನನಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ನನಗೆ ಕೋಪ ಬರುತ್ತಿತ್ತು. ಆದರೆ ಸಿಟ್ಟು ಮಾಡಿಕೊಂಡು ವಾಪಸ್ಸು ಹೋದರೆ ಮಗುವಿನ ಹೊಕ್ಕುಳು ನೋಡುವವರು ಯಾರು? ಹಾಗಾಗಿ ನಾನೊಂದು ಹಟ ಹಿಡಿದೆ. ಹೊಸ್ತಿಲಲ್ಲೇ ನಿಲ್ಲಿಸುತ್ತೀರೋ, ಸರಿ, ನಾನು ಬೇಗ ಹೋಗುವವಳಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಮಗುವನ್ನು ಅಲ್ಲಿಗೇ ತರಿಸಿ ನೋಡಿ, ಬಾಣಂತಿಯನ್ನು ಅಲ್ಲಿಂದಲೇ ಮಾತಾಡಿಸಿ, ಊರಿನ ಸುದ್ದಿಯನ್ನೆಲ್ಲ ಹೇಳಿ ಕೇಳಿ, ಅಜ್ಜಿ "ಚಳಿ ಬತ್ತೈತೆ, ಬಾಗ್ಲು ಹಾಕ್ಬೇಕು" ಎಂದು ಗೊಣಗುವವರೆಗೂ ಜಾಗ ಬಿಡುತ್ತಿರಲಿಲ್ಲ.

ನನ್ನ ಬಾಯಿ ಸ್ವಲ್ಪ ಜೋರು. ಅದು ಆ ಕೆಲಸಕ್ಕೆ ಅನುಕೂಲವೇ ಆಯಿತು.

ನಮ್ಮ ಮೇಲಿನವರ ವಿಷಯ ಹೇಳದಿದ್ದರೆ ಇದು ಅರ್ಧವಾಗುತ್ತದೆ. ಆಗ ನಮಗಿದ್ದ ಡಾಕ್ಟರು ಬಹಳ ಬುದ್ಧಿವಂತರು, ಬಹಳ ಸಿಡುಕರು, ಮತ್ತು ನಾಯಿ ಕಂಡರೆ ಹೆದರಿ ಪ್ರಾಣ ಬಿಡುವವರು. ಹಳ್ಳಿಗೆ ಹೊರಟರೆಂದರೆ ಮೊದಲ ಪ್ರಶ್ನೆ "ಸಿಸ್ಟರ್, ಆ ಮನೇಲಿ ನಾಯಿ ಇದೆಯಾ?" ಇದೆ ಎಂದರೆ ಜೀಪಿನಿಂದ ಇಳಿಯುತ್ತಿರಲಿಲ್ಲ. ರೋಗಿಯೇ ಜೀಪಿನ ಹತ್ತಿರ ಬರಬೇಕು. ಒಮ್ಮೆ ಕಾಲು ಮುರಿದವನನ್ನು ನಾಲ್ಕು ಜನ ಹೊತ್ತು ತಂದು ಜೀಪಿನ ಕಿಟಕಿಗೆ ತೋರಿಸಿದ್ದರು. ಬೈಗುಳ ಮಾತ್ರ ಧಾರಾಳ. ಬೈದ ಅರ್ಧ ಗಂಟೆಗೆ ತಾವೇ ಕಾಫಿ ತರಿಸಿ ಕೊಡುತ್ತಿದ್ದರು, ಅದಕ್ಕಾಗಿಯೇ ನಾವು ಕೆಲವರು ಬೇಕೆಂದೇ ಬೈಸಿಕೊಳ್ಳುತ್ತಿದ್ದೆವು.

ಈಗ ಮಂಜುಳಾಳ ವಿಷಯಕ್ಕೆ ಬರುತ್ತೇನೆ. ಅದು ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಮಂಜುಳಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳಪ್ಪ ಲೋಕಪ್ಪನವರು ಆ ವರ್ಷ ಕಾಫಿಗೆ ಒಳ್ಳೆಯ ಬೆಲೆ ಬಂತೆಂದು ಹಳೇ ಹೆಂಚಿನ ಮನೆಯ ಪಕ್ಕದಲ್ಲಿ ಹೊಸದಾಗಿ ಒಂದು ತಾರಸಿ ಕೋಣೆ ಕಟ್ಟಿಸಿದ್ದರು. ಗಾಜಿನ ಕಿಟಕಿ, ತೇಗದ ಬಾಗಿಲು, ಕೆಂಪು ಆಕ್ಸೈಡಿನ ನೆಲ. ಊರಿಗೆ ಅದೇ ಮೊದಲ ತಾರಸಿ. ಅಂಥ ಕೋಣೆಯನ್ನು ಮಗಳ ಬಾಣಂತನಕ್ಕೆ ಬಿಟ್ಟುಕೊಟ್ಟು ಲೋಕಪ್ಪನವರು ಬಂದವರಿಗೆಲ್ಲ ಮಗುವಿಗಿಂತ ಮೊದಲು ಸೂರನ್ನೇ ತೋರಿಸುತ್ತಿದ್ದರು. ಒಳಗೆ ಬೆಚ್ಚಗಿರಲೆಂದು ಇನ್ನೂರು ವ್ಯಾಟಿನ ಬಲ್ಬು ಹಾಕಿಸಿದ್ದರು. ಸಣ್ಣಮ್ಮಜ್ಜಿಗೆ ಅದು ಅಷ್ಟು ಹಿಡಿಸಿರಲಿಲ್ಲ. "ದೀಪದಾಗೆ ಎಲ್ಲಾನ ಶಾಖ ಹುಟ್ಟೀತಾ?" ಎಂದು ಮೂತಿ ತಿರುವಿದರೂ ಮನೆಯವರ ಆಸೆಗೆ ಸುಮ್ಮನಿದ್ದಳು.

ಆಗ ಬಂತು ಸೈಕ್ಲೋನು. ಮದರಾಸಿನ ಕಡೆ ಎದ್ದದ್ದು ನಮ್ಮ ಕಡೆಗೆ ಬರುವಷ್ಟರಲ್ಲಿ ಜಿಟಿಜಿಟಿ ಮಳೆ, ಕೊರೆಯುವ ಗಾಳಿ. ಮರಗಳು ಲೈನಿನ ಮೇಲೆ ಬಿದ್ದು ಕರೆಂಟು ಹೋಯಿತು. ಈಗ ಬರುತ್ತೆ, ನಾಳೆ ಬರುತ್ತೆ ಎಂದು ಕಾದದ್ದೇ ಬಂತು. ಲೈನ್‌ಮನ್ ಪಾಪ ಮೈಯೆಲ್ಲ ಒದ್ದೆಯಾಗಿ ಕಂಬದಿಂದ ಕಂಬಕ್ಕೆ ಓಡಾಡುತ್ತಿದ್ದ. ಬಲ್ಬು ಆರಿದ ಗಳಿಗೆಯೇ ಅಜ್ಜಿಯ ಅಗ್ಗಿಷ್ಟಿಕೆ ಹೊಸ ಕೋಣೆಗೆ ಬಂತು.

ನಾನು ಕೊಡೆ ಹಿಡಿದು ಹೋದಾಗ ಮಂಜುಳಾ ಗೋಡೆಗೆ ಒರಗಿ ಕೂತಿದ್ದಳು. ಬಾಗಿಲು ತೆಗೆದದ್ದು ಅಜ್ಜಿ, ಎಂದಿನಂತೆ ನಾನು ಹೊಸ್ತಿಲಲ್ಲಿ.

"ತಲೆ ಸಿಡೀತೈತೆ ನರ್ಸಮ್ಮ. ವಾಂತಿ ಬಂದಂಗಾಯ್ತೈತೆ" ಎಂದಳು ಮಂಜುಳಾ. ಮಗು ಹಾಲು ಕುಡಿಯದೆ ಬರೀ ನಿದ್ದೆ ಮಾಡುತ್ತಿದೆ ಎಂದಳು. ಮೈ ಬಿಸಿ ಇಲ್ಲ ಎಂದಳು ಅಜ್ಜಿ. ಅವಳ ಕೈಯಿಂದಲೇ ಕಣ್ಣಿನ ರೆಪ್ಪೆ ಕೆಳಗೆಳೆಸಿ ಬಾಗಿಲಿಂದಲೇ ನೋಡಿದೆ, ಸ್ವಲ್ಪ ಬಿಳಿಚಿತ್ತು. ರಕ್ತ ಕಡಿಮೆ ಎಂದುಕೊಂಡು ಕಬ್ಬಿಣದ ಮಾತ್ರೆ ಕೊಟ್ಟೆ. ಆಮೇಲೆ ಅಭ್ಯಾಸದಂತೆ ಮಾತಿಗೆ ಶುರು ಮಾಡಿದೆ. ಬೇಲೂರಿನ ಬಸ್ಸು ಮರಕ್ಕೆ ಸಿಕ್ಕಿಕೊಂಡದ್ದು, ಡಾಕ್ಟರನ್ನು ನಾಯಿಮರಿ ಅಟ್ಟಿಸಿಕೊಂಡು ಹೋದದ್ದು ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಮಂಜುಳಾ ನಗಲು ಶುರು ಮಾಡಿದಳು. ಮಗು ಕಣ್ಣು ಬಿಟ್ಟು, ಅತ್ತು, ಹಾಲಿಗೆ ಬಾಯಿ ಹಾಕಿತು.

"ತಲೆನೋವು ಕಮ್ಮಿ ಆಯ್ತು ನರ್ಸಮ್ಮ!"

"ಏನ್ ಕೈಗುಣವ್ವ ನಿಂದು" ಎಂದರು ಮಂಜುಳಾಳ ತಾಯಿ.

ಮರುದಿನವೂ ಅದೇ. ನಾನು ಹೋಗುವ ಹೊತ್ತಿಗೆ ತಲೆನೋವು, ತೂಕಡಿಕೆ, ನಾನು ನಿಂತು ಹರಟೆ ಹೊಡೆದರೆ ವಾಸಿ. ನಾನು ಹೊರಟು ಬಂದ ಮೇಲೆ ಮತ್ತೆ ಶುರುವಾಗುತ್ತಂತೆ. ಲೋಕಪ್ಪನವರು ದಾರಿಯಲ್ಲಿ ಕೈಮುಗಿದರು. "ನೀವು ದಿನಾ ಒಂದ್ಸಲ ಬಂದು ಮಖ ತೋರಿಸಿ ಹೋಗ್ರವ್ವ, ಅಷ್ಟು ಸಾಕು." ಎರಡು ವರ್ಷ ಕಾಫಿಲೋಟವನ್ನು ಕಟ್ಟೆಯ ಮೇಲಿಟ್ಟು ಕೊಟ್ಟವರು ಹಾಗೆ ಕೈಮುಗಿದರೆ ಯಾರು ತಾನೇ ಉಬ್ಬುವುದಿಲ್ಲ? ನಾನು ಉಬ್ಬಿಹೋದೆ. ಮುಖ ತೋರಿಸಿದರೆ ರೋಗ ಹೋಗುತ್ತದೆ ಎಂದಮೇಲೆ ಇನ್ನು ಮಾತ್ರೆ ಯಾಕೆ ಎಂದುಕೊಂಡು ಆ ದಿನ ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡೆ.

ಬೀಗುತ್ತಲೇ ಡಾಕ್ಟರ ಹತ್ತಿರ ಹೋಗಿ ವರದಿ ಒಪ್ಪಿಸಿದೆ. ಅವರು ಊಟದ ಡಬ್ಬಿ ಬಿಚ್ಚುತ್ತಿದ್ದರು.

"ಕೈಗುಣ ಅಂತೆ ಸಾರ್ ನಂದು" ಎಂದೆ.

"ಹೌದಾ? ನನ್ನ ಮಂಡಿನೋವಿಗೂ ಸ್ವಲ್ಪ ಮುಖ ತೋರ್ಸಿ" ಎಂದು ನಕ್ಕವರು ತುತ್ತು ಬಾಯಿಗಿಡುವ ಮೊದಲು ಕೈ ತಡೆದರು. "ನೀವು ಒಳಗೆ ಹೋಗಿ ಅವಳ ಮೈ ಮುಟ್ಟಿ ನೋಡಿದ್ರಾ?"

"ನನ್ನ ಒಳಗೆಲ್ಲಿ ಬಿಡ್ತಾರೆ ಸಾರ್? ಬಾಗಿಲಲ್ಲೇ."

"ನೀವು ಬಾಗಿಲಲ್ಲಿದ್ದಷ್ಟು ಹೊತ್ತೂ ಬಾಗಿಲು ತೆಗೆದಿರುತ್ತೆ."

"ತೆಗೆದಿರಲೇಬೇಕಲ್ಲ ಸಾರ್, ನಾನು ನಿಂತಿರ್ತೀನಲ್ಲ."

"ನೀವು ಹೋದ ಮೇಲೆ?"

"ಅಜ್ಜಿ ಹಾಕ್ಕೋತಾಳೆ. ಚಳಿ ಅಂತ. ಕೆಂಡ ಬೇರೆ..."

ನನಗೆ ಆಗ ನೆನಪಾದದ್ದು ನನ್ನ ಮದುವೆಯ ಫೋಟೋ.

ಅರಸೀಕೆರೆಯ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಅಂದು ಕರೆಂಟಿರಲಿಲ್ಲ. ಫೋಟೋದವನು ಸೀಮೆಎಣ್ಣೆ ಜನರೇಟರನ್ನು ಹೊರಗಿಟ್ಟರೆ ಯಾರಾದರೂ ಹೊತ್ತುಕೊಂಡು ಹೋಗುತ್ತಾರೆಂದು ಒಳಗಿನ ಡಾರ್ಕ್‌ರೂಮಿನಲ್ಲಿಟ್ಟು ಓಡಿಸಿದ್ದ, ಸದ್ದಾಗಬಾರದೆಂದು ಮುಂಬಾಗಿಲ ಷಟರು ಎಳೆದಿದ್ದ. ನಾವು ಬಂಧುಬಳಗವೆಲ್ಲ ಆ ಗೂಡಿನಲ್ಲಿ ನಿಂತು ನಗಲು ಹೆಣಗಿದೆವು. ಆ ಫೋಟೋದಲ್ಲಿ ನನ್ನ ಗಂಡ ಒಂದು ಕಡೆಗೆ ವಾಲಿದ್ದಾರೆ, ನಾದಿನಿಯ ಕಣ್ಣು ಮುಚ್ಚಿದೆ, ನಾನು ಮದುಮಗಳಂತಿಲ್ಲ, ಪರೀಕ್ಷೆಯಲ್ಲಿ ಫೇಲಾದವಳಂತಿದ್ದೇನೆ. ಎಲ್ಲರಿಗೂ ತಲೆನೋವು. ನಮ್ಮತ್ತೆ ಹೆಣ್ಣಿಗೆ ದೃಷ್ಟಿಯಾಗಿದೆ ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿದು ಗಾಳಿಗೆ ಕೂತ ಮೇಲೆ ಇಳಿಯಿತು. ಆ ಕೀರ್ತಿಯೆಲ್ಲ ಟೀಗೆ ಹೋಯಿತು. ಹಿಂದೊಮ್ಮೆ ನಾನು ಈ ಫೋಟೋ ಕಥೆಯನ್ನು ಹೇಳಿ ಎಲ್ಲರನ್ನೂ ನಗಿಸಿದಾಗ ಡಾಕ್ಟರು ನಕ್ಕಿರಲಿಲ್ಲ. "ಆ ದಿನ ನೀವೆಲ್ಲ ಅಲ್ಲೇ ಮಲಗಿಬಿಡಬೇಕಾಗಿತ್ತು, ಪುಣ್ಯ ಮಾಡಿದ್ರಿ. ಅದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಹೊಗೆ ಹಾಗೆ ಕಣ್ಣು ಉರಿಸಲ್ಲ. ನಿದ್ದೆ ಬರ್ಸುತ್ತೆ, ಅಷ್ಟೇ. ಏಳೋದು ಮಾತ್ರ ಇಲ್ಲ" ಎಂದಿದ್ದರು. ಕೆಂಡಕ್ಕೂ ಅದೇ ಗುಣ ಎಂದೂ ಹೇಳಿದ್ದರು.

ಡಾಕ್ಟರು ಡಬ್ಬಿಯನ್ನು ಹಾಗೇ ಬಿಟ್ಟು ರೇನ್‌ಕೋಟು ಎಳೆದುಕೊಂಡರು. ನಾವಿಬ್ಬರೂ ಜೀಪಿಗೆ ಓಡಿದೆವು.

ಊರ ಹತ್ತಿರ ದಾರಿಗೆ ಅಡ್ಡಲಾಗಿ ಮರ ಬಿದ್ದಿತ್ತು. ಇಳಿದು ಕೆಸರಿನಲ್ಲಿ ನಡೆದೆವು, ನಡೆದೆವು ಎನ್ನುವುದಕ್ಕಿಂತ ಜಾರಿದೆವು. ಬೆಳಿಗ್ಗೆ ನಾನು ಹೊರಟು ಬಂದ ಮೇಲೆ ಬಾಗಿಲು ಹಾಕಿದವರು ಇನ್ನೂ ತೆಗೆಯದಿದ್ದರೆ? ಲೋಕಪ್ಪನವರ ಗೇಟಿನಲ್ಲಿ ಅವರ ಕರೀ ನಾಯಿ ಎದ್ದು ನಿಂತು ಹಲ್ಲು ತೋರಿಸಿತು. ಡಾಕ್ಟರು ಅಲ್ಲೇ ಕಂಬದಂತೆ ನಿಂತರು. ನಾನು ಅವರನ್ನು ಬಿಟ್ಟು ಒಳಗೆ ಓಡಿದೆ.

ಮನೆಯವರೆಲ್ಲ ಹಳೇ ಮನೆಯ ಒಲೆಯ ಮುಂದೆ ಕೂತಿದ್ದರು. "ಬಾಣಂತಿ ಮಲ್ಗವ್ಳೆ, ಅಜ್ಜೀನೂ ಒಳಗೇ ಐತೆ. ಒಳ್ಳೆ ನಿದ್ದೆ" ಎಂದರು ಮಂಜುಳಾಳ ತಾಯಿ ಸಮಾಧಾನದಿಂದ. ಒಳ್ಳೆ ನಿದ್ದೆ ಎಂಬ ಮಾತು ಕೇಳಿದ್ದೇ ನಾನು ಹೊಸ ಕೋಣೆಯ ಕಡೆ ಓಡಿದೆ. ಗಾಳಿಗೆ ಬಾಗಿಲು ಪದೇ ಪದೇ ತೆರೆದುಕೊಳ್ಳುತ್ತದೆಂದು ಅಜ್ಜಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಬಡಿದೆ, ಕೂಗಿದೆ. ಉತ್ತರವಿಲ್ಲ. ಅಂಗಳದಲ್ಲಿದ್ದ ಒನಕೆ ಎತ್ತಿಕೊಂಡು ಆ ಹೊಸ ಗಾಜಿನ ಕಿಟಕಿಗೆ ಕೊಟ್ಟೆ. ಹಿಂದೆ ಲೋಕಪ್ಪನವರು "ಅಯ್ಯೋ ನನ್ನ ಗ್ಲಾಸು!" ಎಂದದ್ದು ಕೇಳಿಸಿತು. ಇನ್ನೊಂದು ಗಾಜಿಗೂ ಕೊಟ್ಟೆ. ಒಳಗೆ ತುರುಕಿದ್ದ ಗೋಣಿಚೀಲವನ್ನು ಒನಕೆಯಿಂದಲೇ ತಳ್ಳಿ ಬಾಯಿಟ್ಟು ಕೂಗಿದೆ.

"ಅಜ್ಜೀ! ಏಳಜ್ಜೀ! ಚಿಲಕ ತೆಗಿ! ನಾನು ನರ್ಸಮ್ಮ!"

ಏನೋ ಉರುಳಿದ ಸದ್ದು. ನೆಲದ ಮೇಲೆ ತೆವಳಿದ ಸದ್ದು. ಆಮೇಲೆ ಚಿಲಕ ಸರಿಯಿತು. ಬಾಗಿಲು ತೆರೆದದ್ದೇ ಸಣ್ಣಮ್ಮಜ್ಜಿ ಹೊಸ್ತಿಲಿಗೆ ಅಡ್ಡ ಬಿದ್ದಳು. ಬಿದ್ದಲ್ಲಿಂದಲೇ ನನ್ನ ಸೆರಗು ಹಿಡಿದು ಎಳೆದಳು.

"ಒಳಕ್ ಬಾರವ್ವ... ಮಗ..."

ಆ ಕೋಣೆಯೊಳಗೆ ನಾನು ಮೊದಲ ಸಲ ಕಾಲಿಟ್ಟದ್ದು ಹಾಗೆ, ಅಜ್ಜಿಯನ್ನು ದಾಟಿಕೊಂಡು. ಮಗುವನ್ನು ಎತ್ತಿ ಮಂಜುಳಾಳ ತಾಯಿಯ ಕೈಗೆ ಹಾಕಿ "ಹೊರಗೆ ಓಡಿ" ಎಂದೆ. ಮಂಜುಳಾಳ ಕಂಕುಳಿಗೆ ಕೈಹಾಕಿ ಎಳೆದೆ. ಅವಳ ತಲೆ ನನ್ನ ತೋಳಿನ ಮೇಲೆ ಜೋಲುತ್ತಿತ್ತು. ಅಷ್ಟರಲ್ಲಿ ಯಾರೋ ನನ್ನನ್ನು ತಳ್ಳಿಕೊಂಡು ಒಳಗೆ ನುಗ್ಗಿದರು. ನೋಡಿದರೆ ಡಾಕ್ಟರು! ಅಗ್ಗಿಷ್ಟಿಕೆಯನ್ನು ರೇನ್‌ಕೋಟಿನಲ್ಲಿ ಹಿಡಿದು ಹೊರಗೆ ಓಡಿ ಅಂಗಳಕ್ಕೆ ಎಸೆದರು. ರೇನ್‌ಕೋಟಿನ ಮುಂಭಾಗ ಕರಗಿ ಜಾಳುಜಾಳಾಯಿತು. ಹಿಂದೆಯೇ ಬಂದ ಕರೀ ನಾಯಿ ಅವರ ಪ್ಯಾಂಟಿನ ತುದಿ ಕಚ್ಚಿಕೊಂಡೇ ಇತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಮಳೆಯಲ್ಲಿ, ಜಗುಲಿಯ ಮೇಲೆ, ನಾವೆಲ್ಲ ಮಗುವಿನ ಮುಖ ನೋಡುತ್ತಾ ನಿಂತೆವು. ಡಾಕ್ಟರು ಅದರ ಅಂಗಾಲು ತಟ್ಟಿದರು, ಬೆನ್ನು ತಿಕ್ಕಿದರು. ಕೊನೆಗೆ ಅದು ಮುಖ ಕಿವುಚಿ, ಕೆಮ್ಮಿ, ಇಡೀ ಊರಿಗೆ ಕೇಳುವ ಹಾಗೆ ಅತ್ತಿತು. ನಾನೂ ಅತ್ತುಬಿಟ್ಟೆ. ಅಂಥ ಚೆಂದದ ಕೂಗನ್ನು ಅಲ್ಲಿಯವರೆಗೂ ನಾನು ಕೇಳಿರಲಿಲ್ಲ. ಮಂಜುಳಾ ಕಣ್ಣು ಬಿಡಲು ಇನ್ನಷ್ಟು ಹೊತ್ತಾಯಿತು. ಊರವರು ಕೊಡಲಿ ತಂದು ಮರ ಕಡಿದು ದಾರಿ ಮಾಡಿದರು, ಮೂವರನ್ನೂ ಜೀಪಿನಲ್ಲಿ ಹಾಸನಕ್ಕೆ ಸಾಗಿಸಿ ಆಕ್ಸಿಜನ್ ಕೊಡಿಸಿದ್ದಾಯಿತು. ಎಲ್ಲರೂ ಕ್ಷೇಮವಾಗಿ ಮರಳಿದರು. ಹಾಸನದಿಂದ ವಾಪಸ್ಸು ಬರುವ ದಾರಿಯಲ್ಲಿ ಡಾಕ್ಟರು ಹರಿದ ಪ್ಯಾಂಟು ನೋಡಿಕೊಂಡು "ಸಿಸ್ಟರ್, ಇದು ಯಾವಾಗ ಆಯ್ತು?" ಎಂದು ಕೇಳಿದರು. ನಾನು ಹೇಳಿದ ಮೇಲೆ ಅವರಿಗೆ ತಲೆಸುತ್ತು ಬಂದು ಜೀಪು ನಿಲ್ಲಿಸಬೇಕಾಯಿತು.

ಇಲ್ಲಿಗೇ ಕಥೆ ಮುಗಿಯಿತು ಎಂದುಕೊಂಡರೆ ನಿಮಗೆ ಸಣ್ಣಮ್ಮಜ್ಜಿ ಗೊತ್ತಿಲ್ಲ. ಹುಷಾರಾಗಿ ಬಂದ ಮೇಲೆ ಡಾಕ್ಟರು ಅವಳನ್ನು ಕೂರಿಸಿಕೊಂಡು ವಿಷಗಾಳಿಯ ಬಗ್ಗೆ ಪಾಠ ಮಾಡಿದರು. ಅಜ್ಜಿ ಎಲ್ಲ ಕೇಳಿ ಎದ್ದು ನಿಂತಳು.

"ಈ ಲೋಕಪ್ಪ ಹುಟ್ಟಿದಾಗ ಅವರವ್ವನ ಮಗ್ಗುಲಲ್ಲಿ ಇದೇ ಅಗ್ಗಿಷ್ಟಿಕೆ ಇಕ್ಕಿದ್ದೆ. ಮಂಜುಳಾ ಹುಟ್ಟಿದಾಗ್ಲೂ ಇದೇ. ಅವರೆಲ್ಲ ಸತ್ರಾ? ನನ್ ಕೆಂಡ ವಿಷ ಆಗಿದ್ರೆ ಈ ಊರಲ್ಲಿ ಒಂದ್ ನರಪಿಳ್ಳೇನೂ ಇರ್ತಿರ್ಲಿಲ್ಲ ಕಣಪ್ಪ!"

ಅವಳು ಹೇಳಿದ್ದು ನಿಜವಾಗಿತ್ತು. ಅವಳ ಕಣ್ಣಲ್ಲಿ ನೀರಿತ್ತು. ಊರಿನ ಮಕ್ಕಳನ್ನೆಲ್ಲ ಮಡಿಲಲ್ಲಿ ಹಾಕಿಕೊಂಡು ಸಾಕಿದವಳಿಗೆ ನೀನು ಕೊಲ್ಲಲಿದ್ದೆ ಎಂದರೆ ಹೇಗಾಗಬೇಡ? ಮುಂದಿನ ಬಾಣಂತಿಗೂ ಅವಳು ಹಟಕ್ಕೆ ಬಿದ್ದು ಅದೇ ಅಗ್ಗಿಷ್ಟಿಕೆ ಇಡುತ್ತಾಳೆಂದು ನನಗೆ ಖಾತ್ರಿಯಾಯಿತು. ಲೋಕಪ್ಪನವರನ್ನು ನೋಡಿ ಆಗಲೇ ಇನ್ನೂ ಇಬ್ಬರು ತಾರಸಿಗೆ ಪಾಯ ತೋಡಿಸಿದ್ದರು.

ಮಾರನೆಯ ದಿನ ಮಳೆ ಬಿಟ್ಟು ಬಿಸಿಲು ಬಂದಿತ್ತು. ನಾನು ಹೋದಾಗ ಅಜ್ಜಿ ಹಳೇ ಮನೆಯ ಒಳಕೋಣೆಯಲ್ಲಿ ಒಬ್ಬಳೇ ಮುಖ ಊದಿಸಿಕೊಂಡು ಕೂತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಹಾಗೆ ನಿಂತಿದ್ದಾಗ ನೆಲದ ಮೇಲೆ, ಅಜ್ಜಿಯ ಸೀರೆಯ ಮೇಲೆ, ಅಲ್ಲಲ್ಲಿ ಕಾಸಿನಗಲದ ಬಿಸಿಲಿನ ಚುಕ್ಕಿಗಳು ಬಿದ್ದಿರುವುದು ಕಂಡಿತು. ತಲೆಯೆತ್ತಿದರೆ ಹೆಂಚಿನ ಸಂದಿ. ಒಂದೆರಡಲ್ಲ, ಸೂರಿನ ತುಂಬ.

"ಅಜ್ಜಿ, ಲೋಕಪ್ಪನವರು ಹುಟ್ಟಿದ್ದು ಯಾವ ಕೋಣೇಲಿ?"

"ಇದ್ರಾಗೇ."

"ಒಸಿ ಬಾ ಇಲ್ಲಿ" ಎಂದು ಅವಳ ಕೈ ಹಿಡಿದು ಹೊಸ ಕೋಣೆಗೆ ಕರೆದುಕೊಂಡು ಹೋದೆ. ಒಡೆದ ಕಿಟಕಿಗೆ ಲೋಕಪ್ಪನವರು ಹಲಗೆ ಬಡಿಸಿದ್ದರು. ಬಾಗಿಲು ಹಾಕಿದೆ. ಕಗ್ಗತ್ತಲು. ಒಂದು ಸೂಜಿಯಷ್ಟು ಬೆಳಕೂ ಇರಲಿಲ್ಲ.

"ಅಲ್ಲಿ ಎಷ್ಟು ಬಿಸಿಲು ಬಿದ್ದಿತ್ತು ನೋಡಿದ್ಯಲ್ಲ. ಅಷ್ಟೂ ಕಡೆಯಿಂದ ಗಾಳಿ ಓಡಾಡ್ತಿತ್ತು. ಇಲ್ಲಿ ಎಲ್ಲಿಂದ ಹೋಗ್ಬೇಕು ಹೇಳು. ನಿನ್ನ ಕೆಂಡ ಅವತ್ತೂ ಅದೇ, ಇವತ್ತೂ ಅದೇ ಕಣಜ್ಜಿ. ಬದಲಾಗಿದ್ದು ಸೂರು."

ಕತ್ತಲಲ್ಲಿ ಅಜ್ಜಿ ಗೋಡೆ, ಹಲಗೆ ಎಲ್ಲ ತಡವಿ ನೋಡಿದಳು. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟು "ಹಂಗಾರೆ ನೀನು ಹೊಸ್ತಿಲಾಗೆ ನಿಂತಿದ್ದಷ್ಟು ಹೊತ್ತು ನಾವು ಬದುಕಿದ್ವಿ" ಎಂದಳು.

ಹೊರಗೆ ಬಂದಾಗ ಮಂಜುಳಾಳ ತಾಯಿ ಕಾಫಿ ತಂದರು. ಕಟ್ಟೆಯ ಮೇಲಿಡಲು ಬಗ್ಗಿದವರ ಕೈಯಿಂದ ಅಜ್ಜಿ ಲೋಟ ಕಿತ್ತುಕೊಂಡು ನನ್ನ ಕೈಗೇ ಕೊಟ್ಟಳು. "ಒಳಗೆ ಬಂದು ಕೂತ್ಕಂಡು ಕುಡಿ" ಎಂದಳು. ನನಗೆ ಖುಷಿಯಾಯಿತು. ಅದರ ಹಿಂದೆಯೇ ಕೋಪವೂ ಬಂತು. ಒಂದು ಹೊಸ್ತಿಲು ದಾಟಲು ಮೂರು ಜೀವ ಹೋಗಿ ಬರಬೇಕಿತ್ತೇ? ಎರಡನ್ನೂ ಕಾಫಿಯ ಜೊತೆ ನುಂಗಿದೆ. ಕಾಫಿ ಚೆನ್ನಾಗಿತ್ತು.

ನಾನು ಹೇಳಿದ್ದು ಕೆಂಡವನ್ನು ಕೋಣೆಗೆ ತರಲೇಬೇಡಿ, ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಕಾಲ ಹತ್ತಿರ ಇಡಿ, ಮಗು ತಾಯಿಯ ಎದೆಗಂಟಿ ಮಲಗಲಿ, ಸಾಂಬ್ರಾಣಿ ಅಂಗಳದಲ್ಲಿ ಹಾಕಿ ಎಂದು. ಅಜ್ಜಿ ಒಪ್ಪಿದ್ದು ಅರ್ಧ. ಬಿಸಿನೀರಿನ ಬಾಟಲಿ ಬಂತು, ಆದರೆ ತಲೆಗೆ ನೀರು ಹಾಕಿದ ದಿನ ಸ್ವಲ್ಪ ಹೊತ್ತು ಕೆಂಡ ಬೇಕೇ ಬೇಕು ಎಂದಳು. ಉಳಿದರ್ಧಕ್ಕೆ ತನ್ನದೇ ಕಾನೂನು ಮಾಡಿದಳು. ಕೆಂಡ ಒಳಗಿರುವಷ್ಟು ಹೊತ್ತು ಕಿಟಕಿ, ಬಾಗಿಲು ಎರಡೂ ತೆರೆದಿರಬೇಕು, ಬಾಗಿಲನ್ನು ಯಾರೂ ಮುಚ್ಚದಂತೆ ಹೊಸ್ತಿಲ ಮೇಲೆ ಒಬ್ಬರು ಕೂತಿರಬೇಕು, ಕೂತವರು ಏಳುವುದಾದರೆ ಅಗ್ಗಿಷ್ಟಿಕೆಯನ್ನು ಎತ್ತಿಕೊಂಡೇ ಏಳಬೇಕು. ನಾನೂ ಹೆಚ್ಚು ಜಗ್ಗಲಿಲ್ಲ. ಹುಡುಗಿಯರೇ, ಇದನ್ನು ನೆನಪಿಡಿ. ಹಳಬರನ್ನು ದಡ್ಡರೆಂದು ಬೈದು ಬರಬೇಡಿ. ಅವರ ಸೂರು ನೋಡಿ ಮಾತಾಡಿ.

ಆಮೇಲೆ ವರ್ಗವಾಗಿ ನಾನು ಗೆಂಡೆಹಳ್ಳಿಗೆ ಬಂದೆ. ಅಲ್ಲಿ ಒಬ್ಬ ಕೋಳಿ ಸಾಕುತ್ತಿದ್ದ. ಕರೆಂಟು ಹೋದರೆ ಮರಿಗಳಿಗೆ ಚಳಿಯೆಂದು ಷೆಡ್ಡಿನ ಸುತ್ತ ಪ್ಲಾಸ್ಟಿಕ್ ಹೊದಿಸಿ ಇದ್ದಿಲ ಬೋಗುಣಿ ಇಟ್ಟು ತಾನೂ ಒಳಗೇ ಕಾವಲು ಕೂರುತ್ತಿದ್ದ. ಮನೆಗೆ ತೂರಾಡಿಕೊಂಡು ಬರುತ್ತಿದ್ದ. ಹೆಂಡತಿ ಪೊರಕೆ ಹಿಡಿದು ನನ್ನ ಹತ್ತಿರ ದೂರು ತಂದಳು. "ಕುಡ್ದಿಲ್ಲ ಅಂತ ದೇವ್ರ ಮೇಲೆ ಆಣೆ ಇಡ್ತಾನೆ ನೋಡ್ರಮ್ಮ!" ಷೆಡ್ಡು ನೋಡಿ ಬಂದು ಅವನು ನಿರಪರಾಧಿ ಎಂದು ನಾನು ತೀರ್ಪು ಕೊಟ್ಟೆ. ಪ್ಲಾಸ್ಟಿಕ್ ಬಿಚ್ಚಿಸಿದ ಮೇಲೆ ತೂರಾಟ ನಿಂತಿತು. ಹೆಂಡತಿಗೆ ಮಾತ್ರ ಕೊನೆಯವರೆಗೂ ಅನುಮಾನ, ನಾನೂ ಅವನೂ ಸೇರಿಕೊಂಡು ಕಥೆ ಕಟ್ಟಿದ್ದೇವೆಂದು.

ಕಡೆಯದಾಗಿ ಹಳೇಬೀಡು. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ನರ್ಸಮ್ಮ ಹೋಗಿ ಮೇಡಂ ಆಗಿದ್ದೆ, ಕುದಿಸುವ ಸಿರಿಂಜು ಹೋಗಿ ಬಿಸಾಡುವ ಸಿರಿಂಜು ಬಂದಿತ್ತು. ಸಣ್ಣಮ್ಮಜ್ಜಿ ತೀರಿಕೊಂಡ ಸುದ್ದಿ ಆ ಹೊತ್ತಿಗೆ ಹಳೆಯದಾಗಿತ್ತು. ಮತ್ತೊಂದು ಸೈಕ್ಲೋನು, ಮತ್ತೆ ಕರೆಂಟಿಲ್ಲ. ಯುಪಿಎಸ್ಸುಗಳೂ ಬಾಯಿ ಮುಚ್ಚಿಕೊಂಡಿದ್ದವು. ಹೊಸ ಬಡಾವಣೆಯಲ್ಲಿ ಒಂದು ಮನೆಗೆ ಸೊಸೆ ಬಾಣಂತನ ಮುಗಿಸುವ ಮೊದಲೇ ಬಂದಿದ್ದಾಳೆಂದು ಕೇಳಿದ್ದೇ ಕೊಡೆ ಹಿಡಿದು ಹೊರಟೆ. ಪೂರ್ತಿ ಟೈಲ್ಸ್ ಹಾಕಿದ ಮನೆ, ಗಾಳಿ ಆಡಲು ಒಂದು ಸಂದಿಯಿಲ್ಲ.

ಹೋಗಿ ನೋಡಿದರೆ ಬಾಣಂತಿ ಕೋಣೆಯ ಕಿಟಕಿ, ಬಾಗಿಲು ಎರಡೂ ಹಾರುಹೊಡೆದಿದ್ದವು. ಹೊಸ್ತಿಲ ಮೇಲೆ ಮಣೆ ಹಾಕಿಕೊಂಡು ಕಂಬಳಿ ಹೊದ್ದ ಒಬ್ಬ ಹೆಂಗಸು ಕೂತಿದ್ದರು, ಸೊಸೆಯ ತಾಯಿ ಎಂದು ತಿಳಿಯಿತು. ಒಳಗೆ ಪುಟ್ಟ ಅಗ್ಗಿಷ್ಟಿಕೆ, ಕೂದಲು ಒಣಗಿಸಿಕೊಳ್ಳುತ್ತಿರುವ ಬಾಣಂತಿ, ಕೈಕಾಲು ಬಡಿಯುತ್ತಿರುವ ಮಗು. ಆ ಹೆಂಗಸು ನನ್ನನ್ನು ಕಂಡು ಎದ್ದು ನಿಂತರು. ನಡೆದು ಸುಸ್ತಾಗಿದ್ದ ನಾನು ಆ ಮಣೆಯ ಮೇಲೆಯೇ ಕೂತುಬಿಟ್ಟೆ.

"ಅಯ್ಯೋ, ಅಲ್ಲಿ ಬೇಡಿ ಮೇಡಂ, ಒಳಗೆ ಬಂದು ಚೇರ್ ಮೇಲೆ ಕೂತ್ಕೊಳಿ. ಅದು ನರ್ಸಮ್ಮನ ಜಾಗ."

"ಯಾರ ಜಾಗ?"

"ನರ್ಸಮ್ಮಂದು. ನಮ್ಮ ಅರೇಹಳ್ಳಿ ಕಡೆ ಹಂಗೇ ಅಂತಾರೆ ಮೇಡಂ. ಕೆಂಡ ಒಳಗಿದ್ರೆ ಅಲ್ಲಿ ಒಬ್ರು ಕೂತಿರ್ಲೇಬೇಕು. ಇಲ್ದಿದ್ರೆ ತಾಯಿ ಮಗೀಗೆ ಒಳ್ಳೇದಾಗಲ್ಲ."

"ಯಾರಮ್ಮ ಆ ನರ್ಸಮ್ಮ?"

"ನಂಗೇನ್ ಗೊತ್ತು ಮೇಡಂ. ಹಳೇ ಕಾಲದೋರು ಯಾರೋ ಇರ್ಬೇಕು. ಸಣ್ಣಮ್ಮಜ್ಜಿ ಅಂತ ಒಬ್ರಿದ್ರು, ಅವ್ರು ಹೇಳಿಕೊಟ್ಟಿದ್ದು. ಒಳಗೆ ಬನ್ನಿ, ಕಾಫಿ ತತ್ತೀನಿ."

ನನಗೆ ನಗು ಬಂತು. ಎರಡು ವರ್ಷ ನಾನು ಕೋಪ ನುಂಗಿಕೊಂಡು ನಿಂತ ಜಾಗ ಅದು.

"ನೀವು ಕಾಫಿ ಮಾಡಿಕೊಂಡು ಬನ್ನಿ" ಎಂದೆ. "ಬರೋಗಂಟ ನಾನು ಇಲ್ಲಿ ಕೂತಿರ್ತೀನಿ."